ನೀರು ಬಿಟ್ಟಾಗಲೇ ನಾಟಿ: ಎಡಿಎಚ್‌ಡಿ ಇರುವ ಮಗುವಿನ ದಿನಚರಿ ಮತ್ತು ಮಾತ್ರೆ

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದಲ್ಲಿ ಗದ್ದೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕ್ರಮದಲ್ಲಿ, ನೀರು ಬಿಟ್ಟಾಗ ಅದು ನಮ್ಮ ತೂಬಿಗೆ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ತಿಳಿದಿರಬೇಕು. ನೀರಿರುವಷ್ಟು ಹೊತ್ತಿನಲ್ಲಿ ಆಗಬೇಕಾದ ಕೆಲಸ ಮುಗಿಸಿಕೊಳ್ಳಬೇಕು. ನಮ್ಮ ಮಗನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ಒಂದು ಕಡೆ ನಿಲ್ಲದ, ಚಡಪಡಿಕೆ ಮತ್ತು ಆತುರ ಹೆಚ್ಚಿರುವ ತೊಂದರೆ. ಮಂಡ್ಯದವರೇ ಆದ ನಾವು ಅವನ ಮಾತ್ರೆಯ ವಿಷಯದಲ್ಲಿ ಈ ಲೆಕ್ಕವನ್ನೇ ಮರೆತೆವು. ಬೆಳಿಗ್ಗೆ ಏಳೂವರೆಗೆ ಮಾತ್ರೆ ಕೊಟ್ಟು, ರಾತ್ರಿ ಎಂಟಕ್ಕೆ ಹೋಂವರ್ಕ್‌ಗೆ ಕೂರಿಸಿ, “ಮಾತ್ರೆ ನುಂಗಿದರೂ ಇವನು ಸರಿಹೋಗಲಿಲ್ಲ” ಎಂದು ಮೂರು ತಿಂಗಳು ಗೊಣಗಿದೆವು. ನೀರು ನಿಂತು ನಾಲ್ಕು ಗಂಟೆಯಾದ ಮೇಲೆ ಪೈರು ಹಿಡಿದುಕೊಂಡು ಗದ್ದೆಗೆ ಇಳಿದಂತಿತ್ತು ನಮ್ಮ ಕೆಲಸ.

ಅವನಿಗೆ ಈಗ ಹತ್ತು ವರ್ಷ. ಈ ಎರಡು ವರ್ಷಗಳಲ್ಲಿ ಮನೆಯಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದನ್ನು ದಿನದ ಕ್ರಮದಲ್ಲೇ ಬರೆಯುತ್ತೇನೆ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಎಂಬ ತೀರ್ಮಾನ ನಿಮ್ಮ ವೈದ್ಯರದು. ಉಳಿದದ್ದು ಅಡುಗೆಮನೆಯಲ್ಲಿ ತೀರ್ಮಾನವಾಗುವ ವಿಷಯ.

ಮಾತ್ರೆಗೂ ಮೊದಲು

ಎಡಿಎಚ್‌ಡಿಯನ್ನು ರಕ್ತಪರೀಕ್ಷೆಯಿಂದಲೋ ಸ್ಕ್ಯಾನ್‌ನಿಂದಲೋ ಪತ್ತೆಹಚ್ಚಲು ಆಗುವುದಿಲ್ಲ. ಮನೆಯವರನ್ನೂ ಶಿಕ್ಷಕರನ್ನೂ ಕೇಳಿ, ಮಗುವನ್ನು ಗಮನಿಸಿಯೇ ವೈದ್ಯರು ನಿರ್ಧರಿಸುತ್ತಾರೆ. ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಗಳಲ್ಲಾದರೂ ತೊಂದರೆ ಕೊಡುತ್ತಿರಬೇಕು. ಶಾಲೆಯಲ್ಲಿ ಮಾತ್ರ ಚಡಪಡಿಸಿ ಮನೆಯಲ್ಲಿ ತಣ್ಣಗಿರುವ ಮಗುವಿಗೆ ಬೇರೆ ಕಾರಣ ಇರಬಹುದು. ಕಿವಿ ಸರಿಯಾಗಿ ಕೇಳದಿರುವುದು, ಕಣ್ಣಿನ ದೋಷ, ರಕ್ತಹೀನತೆ, ಗೊರಕೆ ಹೊಡೆದು ನಿದ್ದೆ ಕೆಡುವುದು, ಓದುಬರಹದ ಕಲಿಕಾ ತೊಂದರೆ, ಇವೆಲ್ಲ ಹೊರನೋಟಕ್ಕೆ ಗಮನದ ಕೊರತೆಯಂತೆಯೇ ಕಾಣುತ್ತವೆ. ಶ್ರವಣ ಮತ್ತು ಭಾಷೆಯ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹತ್ತಿರವೇ ಇದೆ. ಮನೋವೈದ್ಯರನ್ನು ಕಾಣಲು ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್‌ಗೋ ಹೋಗಬಹುದು. ಮಕ್ಕಳ ಮನೋವೈದ್ಯರೇ ಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವಿಭಾಗವಿದೆ. ಎಲ್ಲಿಂದ ಆರಂಭಿಸಬೇಕು ಎಂದೇ ತಿಳಿಯದಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಮಗುವಿಗೆ 6 ವರ್ಷ ತುಂಬಿಲ್ಲದಿದ್ದರೆ ಸಾಮಾನ್ಯವಾಗಿ ಮಾತ್ರೆಗೆ ಕೈ ಹಾಕುವುದಿಲ್ಲ. ಮೊದಲು ತಂದೆತಾಯಿಗೇ ತರಬೇತಿ.

ನಮ್ಮ ಅತ್ತೆ ವೈದ್ಯರ ಎದುರೇ, “ಇವನ ಅಪ್ಪನೂ ಚಿಕ್ಕಂದಿನಲ್ಲಿ ಹೀಗೆಯೇ ಇದ್ದ, ಮಾತ್ರೆ ನುಂಗಿ ಬೆಳೆದನೇ?” ಎಂದು ಕೇಳಿಬಿಟ್ಟರು. ವೈದ್ಯರು ಬೇಸರಪಡಲಿಲ್ಲ, ಪೆನ್ನು ತೆಗೆದುಕೊಂಡು ಅದನ್ನೇ ಬರೆದುಕೊಂಡರು. ಎಡಿಎಚ್‌ಡಿ ವಂಶದಲ್ಲಿ ಹರಿದುಬರುವ ಸ್ವಭಾವದ್ದು. ವಾದಕ್ಕೆಂದು ಅತ್ತೆ ಆಡಿದ ಮಾತೇ ಒಳ್ಳೆಯ ಮಾಹಿತಿಯಾಯಿತು. ಹಾಗೆಯೇ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ಯಾರಾದರೂ ತೀರಿಕೊಂಡಿದ್ದರೆ, ಮಗು ಆಡುವಾಗ ಎಚ್ಚರ ತಪ್ಪಿ ಬಿದ್ದಿದ್ದರೆ, ಅದನ್ನು ಮಾತ್ರೆ ಶುರುವಾಗುವ ಮೊದಲೇ ತಪ್ಪದೆ ಹೇಳಿ.

ನಿಮ್ಮ ಮಾತ್ರೆಯ ಹೊತ್ತನ್ನು ತಿಳಿದುಕೊಳ್ಳಿ

ಹೆಚ್ಚಾಗಿ ಕೊಡುವ ಔಷಧ ಮೀಥೈಲ್‌ಫೆನಿಡೇಟ್. ಸಾದಾ ಮಾತ್ರೆಯಾದರೆ ಅರ್ಧ ಗಂಟೆಯಲ್ಲಿ ಹಿಡಿದು 3-4 ಗಂಟೆ ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಲ್ಲಿ 6ರಿಂದ 8 ಗಂಟೆ ಇರುವುದೂ ಉಂಟು, 10-12 ಗಂಟೆ ಎಳೆಯುವುದೂ ಉಂಟು. ಹೆಸರಿನ ಕೊನೆಯಲ್ಲಿ ಎಸ್‌ಆರ್, ಇಆರ್, ಒಡಿ ಎಂಬ ಅಕ್ಷರಗಳಿದ್ದರೆ ಅದು ನಿಧಾನದ ಬಗೆ. ಅದನ್ನು ಪುಡಿ ಮಾಡಿ ಬೆಲ್ಲದಲ್ಲಿ ಕಲಸಿ ಕೊಡಬಾರದು, ಮಗು ಅಗಿಯಲೂ ಬಾರದು. ಹಾಗೆ ಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ಒಳಗೆ ಇಳಿಯುತ್ತದೆ. ನುಂಗಲು ಬಾರದ ಮಗುವಾದರೆ ಮೊದಲೇ ಹೇಳಿ, ವೈದ್ಯರು ಬೇರೆ ದಾರಿ ನೋಡುತ್ತಾರೆ. ನಮ್ಮವನಿಗೆ ಮೊಸರನ್ನದ ತುತ್ತಿನಲ್ಲಿ ದಾಳಿಂಬೆ ಕಾಳು ಇಟ್ಟು, ಅಗಿಯದೆ ನುಂಗುವುದನ್ನು ಒಂದು ವಾರ ಕಲಿಸಿದೆವು.

ಇನ್ನೊಂದು ಔಷಧ ಅಟೊಮಾಕ್ಸೆಟಿನ್. ಇದರ ಲೆಕ್ಕವೇ ಬೇರೆ. ಗಂಟೆಗಳಲ್ಲಿ ಹಿಡಿಯುವುದಿಲ್ಲ, ಪೂರ್ತಿ ಪರಿಣಾಮ ಕಾಣಲು 4ರಿಂದ 6 ವಾರ ಬೇಕು. ಆಮೇಲೆ ದಿನವಿಡೀ ಒಂದೇ ಸಮನೆ ಇರುತ್ತದೆ. ಎರಡನೆಯ ವಾರದಲ್ಲಿ “ಏನೂ ಆಗಲಿಲ್ಲ” ಎಂದು ನಿಲ್ಲಿಸಿದರೆ ಬಿತ್ತಿದ ಬೀಜವನ್ನು ಮರುದಿನವೇ ಕೆದಕಿ ನೋಡಿದ ಹಾಗೆ. ಇದರ ಕ್ಯಾಪ್ಸೂಲ್ ಬಿಚ್ಚಬಾರದು, ಊಟದ ನಂತರ ಕೊಟ್ಟರೆ ಹೊಟ್ಟೆ ತೊಳಸುವುದು ಕಡಿಮೆ.

ಎರಡರಲ್ಲಿ ಯಾವುದೇ ಆಗಲಿ, ಸಣ್ಣ ಪ್ರಮಾಣದಿಂದ ಶುರು ಮಾಡಿ ಹಂತಹಂತವಾಗಿ ಏರಿಸುತ್ತಾರೆ. ಆ ಮೊದಲ ತಿಂಗಳಲ್ಲಿ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದು ಸಾಲು ಬರೆಯಿರಿ: ಕೊಟ್ಟ ಹೊತ್ತು, ಮಗು ಹದಕ್ಕೆ ಬಂದ ಹೊತ್ತು, ಮತ್ತೆ ಚಡಪಡಿಕೆ ಶುರುವಾದ ಹೊತ್ತು. ಎರಡು ವಾರದಲ್ಲಿ ನಿಮ್ಮ ಮಗುವಿನ “ನೀರಿನ ಹೊತ್ತು” ಗೊತ್ತಾಗುತ್ತದೆ. ನಮ್ಮವನದು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರೂವರೆ. ಅದು ತಿಳಿದ ದಿನವೇ ರಾತ್ರಿಯ ಹೋಂವರ್ಕ್ ಯುದ್ಧ ಅರ್ಧ ನಿಂತಿತು.

ಬೆಳಿಗ್ಗೆ

ಏಳುವ ಹೊತ್ತಿನಿಂದ ಮಾತ್ರೆ ಹಿಡಿಯುವವರೆಗಿನ ಸಮಯವೇ ದಿನದ ಅತ್ಯಂತ ಕಷ್ಟದ ಸಮಯ. ಒಳಗೆ ಔಷಧವಿಲ್ಲ, ಹೊರಗೆ ಶಾಲೆಯ ವ್ಯಾನ್ ಹಾರ್ನ್ ಹೊಡೆಯುತ್ತಿರುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಮಗು ಯೋಚಿಸಬೇಕಾದ, ಹುಡುಕಬೇಕಾದ ಯಾವ ಕೆಲಸವನ್ನೂ ಉಳಿಸಬೇಡಿ. ಬ್ಯಾಗು, ಸಮವಸ್ತ್ರ, ಕಾಲುಚೀಲ ಎಲ್ಲ ಹಿಂದಿನ ರಾತ್ರಿಯೇ ಒಂದೇ ಮೂಲೆಯಲ್ಲಿ ಇರಲಿ. ಕಾಲುಚೀಲ ಬೂಟಿನ ಒಳಗೇ ಇರಲಿ, ಅದೊಂದೇ ನಮಗೆ ಐದು ನಿಮಿಷ ಉಳಿಸಿದೆ.

ಬಚ್ಚಲುಮನೆಯ ಬಾಗಿಲಿಗೆ ಐದು ಚಿತ್ರ ಅಂಟಿಸಿ: ಹಲ್ಲುಜ್ಜುವುದು, ಸ್ನಾನ, ಬಟ್ಟೆ, ತಿಂಡಿ, ಮಾತ್ರೆ. ಅಕ್ಷರಕ್ಕಿಂತ ಚಿತ್ರ ಲೇಸು, ಅವನೇ ಬರೆದ ಚಿತ್ರವಾದರೆ ಇನ್ನೂ ಲೇಸು. “ಬೇಗ ಬೇಗ ರೆಡಿಯಾಗು” ಎಂಬ ಮಾತಿನಲ್ಲಿ ಏಳು ಕೆಲಸ ಅಡಗಿವೆ, ಅವನ ಕಿವಿಗೆ ಒಂದೂ ಬೀಳುವುದಿಲ್ಲ. ಹತ್ತಿರ ಹೋಗಿ, ಹೆಗಲು ಮುಟ್ಟಿ, ಒಂದೇ ಕೆಲಸ ಹೇಳಿ. ಅದು ಮುಗಿದ ಮೇಲೆ ಮುಂದಿನದು. ಅಡುಗೆಮನೆಯಿಂದ ಕೂಗಿದ ಮಾತು ಲೆಕ್ಕಕ್ಕಿಲ್ಲ.

ಇಂತಹ ಮಕ್ಕಳಿಗೆ “ಹತ್ತು ನಿಮಿಷ” ಎಂದರೆ ಎಷ್ಟು ಎಂಬುದು ಒಳಗಿನಿಂದ ತಿಳಿಯುವುದಿಲ್ಲ. ಸಮಯ ಕಣ್ಣಿಗೆ ಕಾಣಬೇಕು, ಇಲ್ಲವೇ ಕಿವಿಗೆ ಕೇಳಬೇಕು. ನಾವು ಟೈಮರ್ ಕೊಂಡು ಅದು ಎರಡೇ ವಾರದಲ್ಲಿ ಬಿಡಿಭಾಗಗಳಾಗಿ ಹಾಸಿಗೆಯ ಕೆಳಗೆ ಸಿಕ್ಕಿತು. ಈಗ ಕುಕ್ಕರ್ ನಮ್ಮ ಗಡಿಯಾರ: “ಎರಡನೆಯ ಸಲ ಕೂಗುವಷ್ಟರಲ್ಲಿ ಅಂಗಿ ಗುಂಡಿ ಹಾಕಿರಬೇಕು.” ಕುಕ್ಕರಿನೊಂದಿಗೆ ಅವನು ವಾದ ಮಾಡುವುದಿಲ್ಲ.

ಮಾತ್ರೆ ಹಿಡಿದ ಮೇಲೆ ವ್ಯಾನ್ ಬರುವವರೆಗೆ ನಮಗೆ ಅರ್ಧ ಗಂಟೆ ಸಿಗುತ್ತದೆ. ಬರೆಯುವ ಹೋಂವರ್ಕನ್ನೆಲ್ಲ ಅಲ್ಲಿಗೆ ತಂದಿದ್ದೇವೆ. ರಾತ್ರಿ ಒಂದೂವರೆ ಗಂಟೆ ಎಳೆಯುತ್ತಿದ್ದ ಲೆಕ್ಕಗಳು ಬೆಳಿಗ್ಗೆ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತವೆ.

ಹೊಟ್ಟೆಯ ಲೆಕ್ಕ

ಮೀಥೈಲ್‌ಫೆನಿಡೇಟ್ ಹಸಿವನ್ನು ತಗ್ಗಿಸುತ್ತದೆ. ಊಟದ ಡಬ್ಬಿ ಹೋದ ಹಾಗೆಯೇ ವಾಪಸು ಬರುತ್ತದೆ. ಮೊದಮೊದಲು ನಾನು ಡಬ್ಬಿ ತೆರೆದು ಕಣ್ಣೀರು ಹಾಕಿದ್ದೇನೆ, ಅವನನ್ನು ಬೈದೂ ಇದ್ದೇನೆ. ಎರಡೂ ದಂಡ. ಹಸಿವಿಲ್ಲದ ಹೊತ್ತಿನಲ್ಲಿ ತುರುಕುವುದರ ಬದಲು ಹಸಿವಿರುವ ಹೊತ್ತನ್ನು ಹಿಡಿಯಬೇಕು.

ಆ ಹೊತ್ತು ಎರಡಿವೆ. ಒಂದು, ಮಾತ್ರೆಗೆ ಮೊದಲಿನ ತಿಂಡಿ. ಬಿಸ್ಕತ್ತು ಹಾಲಿನಲ್ಲಿ ಸಾಗಹಾಕಬೇಡಿ. ತುಪ್ಪ ಸವರಿದ ರಾಗಿ ರೊಟ್ಟಿ, ಮೊಟ್ಟೆ, ಕಡಲೆಕಾಯಿ ಚಟ್ನಿಯ ಜೊತೆ ದೋಸೆ, ಹೊಟ್ಟೆಯಲ್ಲಿ ನಿಲ್ಲುವಂಥದ್ದು ಏನಾದರೂ ಸರಿ. ತಿಂಡಿ ಆದ ಮೇಲೆಯೇ ಮಾತ್ರೆ. ಇನ್ನೊಂದು, ಮಾತ್ರೆಯ ಪ್ರಭಾವ ಇಳಿದ ಮೇಲಿನ ಸಂಜೆ ಮತ್ತು ರಾತ್ರಿ. ನಮ್ಮವನು ಶಾಲೆಯಿಂದ ಬಂದೊಡನೆ ಮುದ್ದೆ, ಸೊಪ್ಪಿನ ಸಾರು ಉಣ್ಣುತ್ತಾನೆ. ನಾಲ್ಕೂವರೆಗೆ ಮುದ್ದೆಯೇ ಎಂದು ನೆರೆಯವರು ನಕ್ಕರು, ನಗಲಿ. ಎಂಟು ಗಂಟೆಗೆ ಮತ್ತೆ ಅನ್ನ ಮೊಸರು, ಮಲಗುವ ಮುನ್ನ ಒಂದು ಬಾಳೆಹಣ್ಣು. ಶಾಲೆಯ ಡಬ್ಬಿಗೆ ಸ್ವಲ್ಪವೇ ಕಟ್ಟಿ, ಆದರೆ ಸ್ವಲ್ಪದಲ್ಲೇ ಶಕ್ತಿ ಇರುವುದನ್ನು ಕಟ್ಟಿ: ಕಡಲೆಕಾಯಿ ಚಿಕ್ಕಿ, ಹುರಿಗಡಲೆ ಉಂಡೆ, ತುಪ್ಪದ ಚಪಾತಿ ಸುರುಳಿ.

ಸಕ್ಕರೆ ತಿಂದರೆ ಎಡಿಎಚ್‌ಡಿ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಆಲೆಮನೆಯ ಬೆಲ್ಲ ಕೊಟ್ಟ ಅಜ್ಜಿಯ ಮೇಲೆ ತಪ್ಪು ಹೊರಿಸಬೇಡಿ. ಆದರೆ ನಮ್ಮ ಕಡೆ ಮಕ್ಕಳಿಗೂ ಬೆಳಿಗ್ಗೆ ಲೋಟದ ತುಂಬ ಕಾಫಿ ಕೊಡುವ ರೂಢಿ ಇದೆಯಲ್ಲ, ಅದನ್ನು ಬಿಡಿಸಿ. ಈ ಮಾತ್ರೆಯ ಜೊತೆ ಕಾಫಿ ಸೇರಿದರೆ ಎದೆಬಡಿತ ಏರುತ್ತದೆ, ನಿದ್ದೆ ಕೆಡುತ್ತದೆ.

ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಎತ್ತರಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಸಾಕು, ಪಕ್ಕದಲ್ಲಿ ತಾರೀಕು ಇರಲಿ. ಕೆಲವು ಮಕ್ಕಳಲ್ಲಿ ಬೆಳವಣಿಗೆ ಸ್ವಲ್ಪ ನಿಧಾನವಾಗುವುದರಿಂದ ವೈದ್ಯರಿಗೆ ಈ ಎರಡು ಅಂಕಿಗಳು ಬೇಕು.

ಸಂಜೆ

ಔಷಧ ಇಳಿಯುವ ಹೊತ್ತಿನಲ್ಲಿ ಕೆಲವು ಮಕ್ಕಳು ಮೊದಲಿಗಿಂತಲೂ ಹೆಚ್ಚು ಸಿಡಿಮಿಡಿಗೊಳ್ಳುತ್ತಾರೆ. ಸುಮ್ಮನೆ ಅಳು, ತಂಗಿಯ ಜಡೆ ಎಳೆಯುವುದು, ಬಾಗಿಲು ಬಡಿಯುವುದು. ಹಟವೆಂದು ತಿಳಿದು ಏಟು ಕೊಟ್ಟ ಸಂಜೆಗಳು ನಮ್ಮ ಮನೆಯಲ್ಲೂ ಇವೆ. ಇದು ಒಂದು ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಪಾಠ ಬೇಡ, ಬುದ್ಧಿವಾದ ಬೇಡ, ನೆಂಟರ ಮನೆ ಬೇಡ. ಊಟ ಕೊಟ್ಟು ಬಯಲಿಗೆ ಬಿಡಿ. ಸೈಕಲ್, ಲಗೋರಿ, ಕಬಡ್ಡಿ, ಓಟ, ಮೈ ಬೆವರುವ ಯಾವುದಾದರೂ ಆಗುತ್ತದೆ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಸುತ್ತಿನ ದಾರಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸಿಡುಕು ದಿನವೂ ಮಿತಿಮೀರುತ್ತಿದ್ದರೆ ಬರೆದಿಟ್ಟು ವೈದ್ಯರಿಗೆ ತೋರಿಸಿ. ಹೊತ್ತು ಬದಲಿಸಿಯೋ ಮಾತ್ರೆಯ ಬಗೆ ಬದಲಿಸಿಯೋ ಸರಿಪಡಿಸಲು ಅವರಿಗೆ ದಾರಿಗಳಿವೆ. ನೀವಾಗಿಯೇ ಸಂಜೆಗೆ ಇನ್ನೊಂದು ಮಾತ್ರೆ ಸೇರಿಸಬೇಡಿ.

ಆರೂವರೆಯ ಮೇಲೆ ಓದು. ಬರಹ ಬೆಳಿಗ್ಗೆಗೆ ಹೋಗಿರುವುದರಿಂದ ಈಗ ಬಾಯಿಪಾಠ, ಮಗ್ಗಿ, ಗಟ್ಟಿಯಾಗಿ ಓದುವುದು ಮಾತ್ರ. ಹದಿನೈದು ನಿಮಿಷ ಓದು, ಐದು ನಿಮಿಷ ಎದ್ದು ಓಡಾಟ. ಮಗ್ಗಿಯನ್ನು ಉಯ್ಯಾಲೆಯ ಮೇಲೆ ಹೇಳಿದರೂ ಅದು ಮಗ್ಗಿಯೇ.

ಬಹುಮಾನದ ಬಗ್ಗೆ ಒಂದು ಮಾತು. “ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದರೆ ಸೈಕಲ್” ಎಂಬ ಆಸೆ ಈ ಮಕ್ಕಳನ್ನು ಎಳೆಯುವುದಿಲ್ಲ, ಅದು ಅವರಿಗೆ ತುಂಬಾ ದೂರ. ಕೆಲಸ ಮುಗಿದ ಕೂಡಲೇ ಕೈಗೆ ಏನಾದರೂ ಸಿಗಬೇಕು. ನಾವು ಹುಣಸೆಬೀಜ ಇಟ್ಟಿದ್ದೇವೆ. ಬ್ಯಾಗು ತುಂಬಿಟ್ಟರೆ ಒಂದು, ಬೈಗುಳವಿಲ್ಲದೆ ಸ್ನಾನ ಮುಗಿದರೆ ಒಂದು. ಹತ್ತಾದರೆ ಅವನಿಗೆ ಬೇಕಾದ ಸಾರು, ಐವತ್ತಾದರೆ ಮೈಸೂರಿನ ಮೃಗಾಲಯ. (ಮಂಗಳವಾರ ರಜೆ. ನಾವು ಒಮ್ಮೆ ಮಂಗಳವಾರವೇ ಹೋಗಿ ಗೇಟಿನ ಮುಂದೆ ನಿಂತು, ಅವನ ಮಾತು ಕೇಳಬೇಕಾಯಿತು.) ಕೊಟ್ಟ ಬೀಜವನ್ನು ಸಿಟ್ಟಿನಲ್ಲಿ ವಾಪಸು ಕಿತ್ತುಕೊಳ್ಳಬೇಡಿ. ಗಳಿಸಿದ್ದು ಗಳಿಸಿದ್ದೇ.

ನಿದ್ದೆ

ಈ ವಯಸ್ಸಿನವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಮಾತ್ರೆ ತಡವಾಗಿ ಕೊಟ್ಟರೆ ನಿದ್ದೆ ಹಾರಿಹೋಗುತ್ತದೆ. ಬೆಳಿಗ್ಗೆಯ ಮಾತ್ರೆ ಮರೆತು ಮಧ್ಯಾಹ್ನ ನೆನಪಾದರೆ ಆ ದಿನ ಬಿಟ್ಟುಬಿಡುವುದೇ ವಾಸಿ. ಮರುದಿನ ಎರಡು ಕೊಟ್ಟು ಸರಿದೂಗಿಸುವಂತಿಲ್ಲ. ಮೊಬೈಲ್, ಟಿ.ವಿ. ಮಲಗುವ ಒಂದು ಗಂಟೆ ಮೊದಲೇ ನಿಲ್ಲಲಿ. ದೊಡ್ಡವರದ್ದೂ ನಿಲ್ಲಬೇಕು ಎಂಬಲ್ಲಿಯೇ ನಮ್ಮ ಮನೆಯಲ್ಲಿ ತಾಪತ್ರಯ.

ಶಾಲೆ

ತರಗತಿ ಶಿಕ್ಷಕರಿಗೆ ತಿಳಿಸಿ, ಇಡೀ ಶಾಲೆಗೆ ಡಂಗುರ ಬೇಡ. ನಾವು ಮೊದಲು ಕಳುಹಿಸುತ್ತಿದ್ದ ಶಾಲೆಯಲ್ಲಿ ಒಬ್ಬರು ತರಗತಿಯ ಎದುರೇ “ಇವತ್ತು ಮಾತ್ರೆ ತಗೊಂಡಿಲ್ಲವೇನೋ” ಎಂದು ಕೇಳಿ, ಅವನು ಒಂದು ವಾರ ಶಾಲೆಗೆ ಹೋಗಲೇ ಇಲ್ಲ. ಈಗಿನ ಶಿಕ್ಷಕಿಯ ಬಳಿ ಮೂರೇ ಕೇಳಿಕೊಂಡೆ: ಮುಂದಿನ ಬೆಂಚು, ಕಿಟಕಿಯಿಂದ ದೂರ, ಗಂಟೆಗೊಮ್ಮೆ ಏಳಲು ಒಂದು ನೆಪ. ಸೀಮೆಸುಣ್ಣ ತರುವವನು, ನೋಟ್‌ಬುಕ್ ಹಂಚುವವನು ಈಗ ಅವನೇ. ಮಧ್ಯಾಹ್ನದ ಮಾತ್ರೆಯನ್ನು ಮಗುವಿನ ಜೇಬಿನಲ್ಲಿ ಇಟ್ಟು ಕಳುಹಿಸಬೇಡಿ. ಶಾಲೆಯಲ್ಲಿ ಕೊಡುವವರಿಲ್ಲದಿದ್ದರೆ ದಿನಕ್ಕೊಂದೇ ಸಾಕಾಗುವ ಬಗೆಯನ್ನು ವೈದ್ಯರಲ್ಲಿ ಕೇಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಹೆಸರಿಸಿರುವ ನ್ಯೂನತೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯ ಹೆಸರು ಇಲ್ಲ, ನಿರ್ದಿಷ್ಟ ಕಲಿಕಾ ನ್ಯೂನತೆಯ ಹೆಸರು ಇದೆ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಅದೂ ಜೊತೆಗಿರುತ್ತದೆ. ಓದುಬರಹ ತೀರಾ ಹಿಂದಿದ್ದರೆ ಅದರ ಪರೀಕ್ಷೆಯನ್ನೂ ಬೇಗ ಮಾಡಿಸಿ, ಹತ್ತನೆಯ ತರಗತಿಯವರೆಗೆ ಕಾಯಬೇಡಿ.

ಚೀಟಿ, ಅಂಗಡಿ, ಬೀಗ

ಮೀಥೈಲ್‌ಫೆನಿಡೇಟ್ ಔಷಧ ನಿಯಮಗಳ ಎಕ್ಸ್ ಅನುಸೂಚಿಯಲ್ಲಿದೆ, ಅಂದರೆ ಬಿಗಿ ಕಟ್ಟುಪಾಡಿನಲ್ಲಿ ಮಾರಬೇಕಾದ ಔಷಧಗಳ ಪಟ್ಟಿಯಲ್ಲಿದೆ. ಅದನ್ನು ಮಾರಲು ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು. ವೈದ್ಯರ ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಮೊಬೈಲಿನಲ್ಲಿ ಚೀಟಿಯ ಫೋಟೊ ತೋರಿಸಿದರೆ ನಡೆಯುವುದಿಲ್ಲ, ಪ್ರತಿ ಬೀದಿಯ ಮೆಡಿಕಲ್ ಸ್ಟೋರಿನಲ್ಲಿಯೂ ಸಿಗುವುದಿಲ್ಲ. ಹತ್ತು ಮಾತ್ರೆ ಉಳಿದಿರುವಾಗಲೇ ಮುಂದಿನದಕ್ಕೆ ಓಡಾಡಿ. ಅಂಗಡಿಯವರ ನೋಟ ಕಂಡು ಮುಜುಗರಪಡಬೇಡಿ, ಅವರು ಕೇಳುವ ಪ್ರಶ್ನೆ ಕಾನೂನಿನದು. ಅಟೊಮಾಕ್ಸೆಟಿನ್‌ಗೆ ಇಷ್ಟು ಕಟ್ಟುಪಾಡಿಲ್ಲ, ಮಾಮೂಲಿ ಚೀಟಿ ಸಾಕು.

ಮನೆಯಲ್ಲಿ ಮಾತ್ರೆ ಬೀಗದೊಳಗಿರಲಿ. ಅಜ್ಜಿಯ ಬಿ.ಪಿ. ಮಾತ್ರೆಯ ಡಬ್ಬಿಯಲ್ಲಿ ಸೇರಿಸಬೇಡಿ. ಕೊಡುವ ಕೈ ಒಂದೇ ಇರಲಿ. ಒಂದು ದಿನ ನಾನು ಕೊಟ್ಟಿದ್ದು ತಿಳಿಯದೆ ನಮ್ಮ ಯಜಮಾನರೂ ಕೊಟ್ಟರು. ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಇಡೀ ದಿನ ನಾಡಿ ನೋಡುತ್ತ ಕುಳಿತೆವು. ಅಂದಿನಿಂದ ಕ್ಯಾಲೆಂಡರಿನಲ್ಲಿ ಮಗನೇ ಗುರುತು ಹಾಕುತ್ತಾನೆ, ಗುರುತಿದ್ದರೆ ಮಾತ್ರೆ ಆಗಿದೆ ಎಂದರ್ಥ. ಹೆಚ್ಚು ನುಂಗಿದ್ದರೆ ವಾಂತಿ ಮಾಡಿಸಲು ಹೋಗಬೇಡಿ, ಮಾತ್ರೆಯ ಪಟ್ಟಿ ಹಿಡಿದು ಆಸ್ಪತ್ರೆಗೆ ಹೋಗಿ. ಎದೆನೋವು, ಎಚ್ಚರ ತಪ್ಪುವುದು, ಫಿಟ್ಸ್ ಕಂಡರೆ 108.

ತಕ್ಷಣ ವೈದ್ಯರಿಗೆ ಹೇಳಬೇಕಾದ ಇನ್ನೂ ಕೆಲವು ಇವೆ: ಕಣ್ಣು ಮಿಟುಕಿಸುವ ಅಥವಾ ಕತ್ತು ಎಳೆಯುವ ಹೊಸ ಚಾಳಿ, ಮಗು ಮಂಕಾಗಿ ತನ್ನ ಸ್ವಭಾವವನ್ನೇ ಕಳೆದುಕೊಂಡಂತೆ ಕಾಣುವುದು, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ ಎನ್ನುವುದು. ಅಟೊಮಾಕ್ಸೆಟಿನ್ ತೆಗೆದುಕೊಳ್ಳುತ್ತಿದ್ದರೆ ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಸಾಯುವ ಮಾತು ಆಡುವುದು. ನೆಗಡಿಯ ಸಿರಪ್ ತರುವ ಮುನ್ನವೂ ಈ ಮಾತ್ರೆಯ ಹೆಸರು ಹೇಳಿ ಕೇಳಿ, ಕೆಲವು ಸಿರಪ್‌ಗಳು ಇದರ ಜೊತೆ ಸೇರಿ ರಕ್ತದೊತ್ತಡ ಏರಿಸುತ್ತವೆ.

ನಾಲೆಯ ಬದಿ

ಇದನ್ನು ಯಾವ ಆಸ್ಪತ್ರೆಯಲ್ಲೂ ನನಗೆ ಯಾರೂ ಹೇಳಲಿಲ್ಲ. ಯೋಚಿಸುವ ಮೊದಲೇ ಕಾಲು ಮುಂದಿಡುವ ಮಕ್ಕಳಿಗೆ ಅಪಘಾತದ ಅಪಾಯ ಉಳಿದವರಿಗಿಂತ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಮನೆಯಿಂದ ಕೂಗಳತೆಯಲ್ಲೇ ನಾಲೆ ಇರುತ್ತದೆ, ದಡ ಜಾರುತ್ತದೆ, ಸೆಳೆತ ಕಣ್ಣಿಗೆ ಕಾಣುವುದಿಲ್ಲ. ರಜೆಯಲ್ಲಿ ಮಾತ್ರೆ ಬಿಡುವ ಯೋಚನೆ ಇದ್ದರೆ ವೈದ್ಯರೊಂದಿಗೆ ಈ ವಿಷಯವನ್ನೂ ಸೇರಿಸಿ ಮಾತನಾಡಿ. ಈಜು ಕಲಿಸಿ, ಆದರೆ ಕೊಳದಲ್ಲಿ, ದೊಡ್ಡವರ ಜೊತೆ. ರಸ್ತೆ ದಾಟುವಾಗ ಹತ್ತು ವರ್ಷದ ಹುಡುಗನಾದರೂ ಕೈ ಹಿಡಿಯುತ್ತೇನೆ, ಅವನಿಗೆ ನಾಚಿಕೆಯಾದರೂ ಸರಿ.

ದಸರೆ, ಜಾತ್ರೆ, ನೆಂಟರ ಮನೆ

ದಿನಚರಿ ಒಡೆಯುವುದು ಹಬ್ಬದಲ್ಲಿ. ಜಂಬೂಸವಾರಿ ನೋಡಿ, ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತನ್ನೂ ನೋಡಿಯೇ ಬರೋಣ ಎಂದರೆ ಮುಂದಿನ ಮೂರು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ಎರಡರಲ್ಲಿ ಒಂದನ್ನು ಅವನೇ ಆರಿಸಲಿ. ಜನಜಂಗುಳಿಗೆ ಹೋಗುವಾಗ ಎದ್ದು ಕಾಣುವ ಬಣ್ಣದ ಅಂಗಿ ತೊಡಿಸಿ, ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ, ತಪ್ಪಿಸಿಕೊಂಡರೆ ಸೇರಬೇಕಾದ ಜಾಗವನ್ನು ಇಳಿದ ಕೂಡಲೇ ತೋರಿಸಿ. ಏಳುವ ಹೊತ್ತು, ಮಾತ್ರೆಯ ಹೊತ್ತು, ಮಲಗುವ ಹೊತ್ತು, ಈ ಮೂರನ್ನು ಹಬ್ಬದಲ್ಲೂ ಅರ್ಧ ಗಂಟೆಗಿಂತ ಹೆಚ್ಚು ಸರಿಸಬೇಡಿ. ಉಳಿದದ್ದು ಹೇಗಾದರೂ ಆಗಲಿ.

ಊರಿಗೆ ಹೋಗುವಾಗ ಮಾತ್ರೆಯನ್ನು ಅದರ ಪಟ್ಟಿಯಲ್ಲೇ ಇಟ್ಟು, ವೈದ್ಯರ ಚೀಟಿಯ ಒಂದು ಪ್ರತಿಯ ಜೊತೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಉಳಿಯುವ ದಿನಗಳಿಗಿಂತ ಎರಡು ಹೆಚ್ಚಿರಲಿ. ಬಸ್ಸಿನ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಿ ಬೇಡ, ನಾವು ಒಮ್ಮೆ ಆ ಬ್ಯಾಗನ್ನೇ ಬಿಟ್ಟು ಇಳಿದಿದ್ದೇವೆ.